ಹದಿನೆಂಟರ ಪರಿವ್ರಾಜಕರು

ಮಿಷನರಿ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು: 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಈ ನಾಡಿಗೆ ಬಂದು, ನಮ್ಮ ನುಡಿಯ ಆಳಕ್ಕಿಳಿದು, 1894ರಲ್ಲಿ ಮಹಾನಿಘಂಟೊಂದನ್ನು ನಮ್ಮ ಕೈಗಿತ್ತ ಕಿಟ್ಟೆಲರಂತಹ, ಆಯುಷ್ಯದ ಉತ್ತಮ ಭಾಗವನ್ನು ಪರದೇಶದ ಭಾಷೆಗೂ ಜನಕ್ಕೂ ಧಾರೆಯೆರೆದ ವಯೋವೃದ್ಧ ವಿದ್ವಾಂಸರ ಚಿತ್ರ ಅದು. ಆ ಚಿತ್ರಕ್ಕೆ ಸ್ವಲ್ಪವೂ ಹೊಂದದ ಮತ್ತೊಂದು ಬಗೆಯ ಮಿಷನರಿ ಇಂದು ಲೋಕದ ನಾನಾ ನಗರಗಳ ಬೀದಿಗಳಲ್ಲಿ ಕಾಣಸಿಗುತ್ತಾನೆ. ಅವನ ವಯಸ್ಸು ಹದಿನೆಂಟೋ ಹತ್ತೊಂಬತ್ತೋ. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಟೈ, ಎದೆಯ ಮೇಲೆ ಕರಿಯ ಹೆಸರುಫಲಕ. ಪಕ್ಕದಲ್ಲಿ ಅದೇ ಉಡುಪಿನ, ಅದೇ ಪ್ರಾಯದ ಇನ್ನೊಬ್ಬ. ದೇವತಾಶಾಸ್ತ್ರವನ್ನು ಆತ ಕಾಲೇಜಿನಲ್ಲಿ ಓದಿದವನಲ್ಲ, ಧರ್ಮಬೋಧೆಯನ್ನು ವೃತ್ತಿಯಾಗಿ ಹಿಡಿದವನೂ ಅಲ್ಲ. ಎರಡು ವರ್ಷದ ಅವಧಿ ತೀರಿದೊಡನೆ ಊರಿಗೆ ಮರಳಿ ಎಂಜಿನಿಯರನೋ ಮೇಷ್ಟರೋ ವ್ಯಾಪಾರಿಯೋ ಆಗತಕ್ಕವನು. ಮಾರ್ಮನ್ ಪಂಥದವರೆಂದು ಲೋಕವು ಕರೆಯುವ, ತಮ್ಮನ್ನು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ಣನಾಮದಿಂದಲೇ ಕರೆಯಬೇಕೆಂದು ಬಯಸುವ ಜನರ ಈ ತರುಣ ಪ್ರಚಾರಕರು 70 ಸಾವಿರಕ್ಕೂ ಹೆಚ್ಚಿದ್ದಾರೆ; 2024ರ ವೇಳೆಗೆ ಅವರ ಸೇವಾಕ್ಷೇತ್ರಗಳ ಸಂಖ್ಯೆ 450ಕ್ಕೆ ಏರಿತ್ತು.

1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ಸಂಸ್ಥಾನದ ಫಯೆಟ್ ಎಂಬಲ್ಲಿ ಜೋಸೆಫ್ ಸ್ಮಿತ್ ಈ ಸಭೆಯನ್ನು ಸ್ಥಾಪಿಸಿದ ವರ್ಷವೇ ಆತನ ತಮ್ಮ ಸ್ಯಾಮ್ಯುಯೆಲ್, ಆಗತಾನೇ ಅಚ್ಚಾಗಿದ್ದ ‘ಬುಕ್ ಆಫ್ ಮಾರ್ಮನ್’ ಗ್ರಂಥದ ಪ್ರತಿಗಳನ್ನು ಚೀಲದಲ್ಲಿ ಹೊತ್ತು ನೆರೆಯೂರುಗಳಿಗೆ ಕಾಲ್ನಡಿಗೆಯಲ್ಲಿ ಹೊರಟನು. 1837ರಲ್ಲಿ ಹೀಬರ್ ಕಿಂಬಲ್ ಮತ್ತು ಸಂಗಡಿಗರು ಸಮುದ್ರ ದಾಟಿ ಇಂಗ್ಲೆಂಡಿನ ಪ್ರೆಸ್ಟನ್ ನಗರವನ್ನು ಸೇರಿ ರಿಬಲ್ ನದಿಯಲ್ಲಿ ದೀಕ್ಷಾಸ್ನಾನಗಳನ್ನು ನಡೆಸಿದರು. 1844ರಲ್ಲಿ ಸ್ಮಿತ್ ಉದ್ರಿಕ್ತ ಜನರ ಗುಂಪಿನ ಗುಂಡಿಗೆ ಬಲಿಯಾದನು. 1847ರಲ್ಲಿ ಬ್ರಿಗಮ್ ಯಂಗ್ ಅನುಯಾಯಿಗಳನ್ನು ಕರೆದೊಯ್ದು ಈಗಿನ ಯೂಟಾದ ಉಪ್ಪುಸರೋವರದ ಬಯಲಿನಲ್ಲಿ ನೆಲೆಯೂರಿಸಿದನು. ಆ ಕಾಲದಲ್ಲಿ ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಗೃಹಸ್ಥರೇ ಹೊರಡುತ್ತಿದ್ದರು. ಕಾಲಕ್ರಮದಲ್ಲಿ ಆ ಭಾರ ಅವಿವಾಹಿತ ತರುಣರ ಹೆಗಲಿಗೆ ಬಂದಿತು. 2012ರ ಅಕ್ಟೋಬರಿನಲ್ಲಿ ಆಗಿನ ಅಧ್ಯಕ್ಷರಾದ ಥಾಮಸ್ ಮಾನ್ಸನ್ ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೂ, ಹುಡುಗಿಯರದನ್ನು 21ರಿಂದ 19ಕ್ಕೂ ಇಳಿಸಿದ ಮೇಲೆ ತರುಣಿಯರೂ ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಹೊರಡತೊಡಗಿದರು. ಸೇವೆಯ ಅವಧಿ ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು.

ಎಲ್ಲಿಗೆ ಹೋಗಬೇಕೆಂಬುದು ಹೋಗುವವನ ಇಚ್ಛೆಗೆ ಬಿಟ್ಟ ವಿಷಯವಲ್ಲ. ಅರ್ಜಿ ಸಲ್ಲಿಸಿದವನಿಗೆ ಸಭೆಯ ಅಧ್ಯಕ್ಷರ ಸಹಿಯುಳ್ಳ ಪತ್ರವೊಂದು ಬರುತ್ತದೆ. ಅದರಲ್ಲಿ ನೆರೆಯ ಸಂಸ್ಥಾನದ ಹೆಸರೂ ಇರಬಹುದು, ಭೂಗೋಳದ ಆಚೆಯ ಮಗ್ಗುಲಿನ ದ್ವೀಪದ ಹೆಸರೂ ಇರಬಹುದು. ಇದಕ್ಕೆ ಸಂಬಳವಿಲ್ಲ. ಅಮೆರಿಕದಂತಹ ದೇಶಗಳ ಕುಟುಂಬಗಳು ಮಗನ ಸೇವೆಗಾಗಿ ತಿಂಗಳಿಗೆ ಗೊತ್ತಾದ ಮೊತ್ತವನ್ನು ತಾವೇ ತೆರುತ್ತವೆ. 2020ರ ಜುಲೈವರೆಗೆ 400 ಡಾಲರ್ ಆಗಿದ್ದುದು ಅಲ್ಲಿಂದೀಚೆಗೆ 500 ಆಗಿದೆ. ದುಬಾರಿ ನಗರಕ್ಕೆ ಹೋದವನೂ ಅಗ್ಗದ ಊರಿಗೆ ಹೋದವನೂ ತೆರುವುದು ಒಂದೇ ಮೊತ್ತ. ಬಾಲ್ಯದಿಂದಲೇ ಇದಕ್ಕೆಂದು ಕಾಸು ಕೂಡಿಹಾಕುವ ಮಕ್ಕಳು ಅಲ್ಲಿ ಅನೇಕರು.

ಈ ಜೀವನದ ಸ್ವರೂಪವನ್ನು ತಿಳಿಯಬೇಕಾದರೆ ಯಾವುದಾದರೊಂದು ನೆಲದ ಮೇಲೆ ನಿಂತು ನೋಡುವುದೇ ಮೇಲು, ತೈವಾನನ್ನು ತೆಗೆದುಕೊಳ್ಳೋಣ. 1956ರ ಜೂನಿನಲ್ಲಿ ನಾಲ್ವರು ತರುಣರು ಮೊದಲ ಬಾರಿಗೆ ಅಲ್ಲಿ ಬಂದಿಳಿದರು. 1965ರಲ್ಲಿ ಅವರ ಗ್ರಂಥ ಚೀನೀ ಭಾಷೆಯಲ್ಲಿ ಪ್ರಕಟವಾಯಿತು. 1984ರಲ್ಲಿ ತೈಪೆಯಲ್ಲಿ ಮಂದಿರ ಎದ್ದಿತು. ಅಲ್ಲಿಗೆ ನಿಯುಕ್ತನಾದ ಹುಡುಗ ಮೊದಲು ಯೂಟಾದ ಪ್ರೊವೊ ನಗರದ ತರಬೇತಿ ಕೇಂದ್ರದಲ್ಲಿ ಸುಮಾರು ಎರಡು ತಿಂಗಳು ಕುಳಿತು, ಸ್ವರದ ಏರಿಳಿತದಿಂದಲೇ ಅರ್ಥ ಬೇರೆಯಾಗುವ ಆ ಭಾಷೆಯೊಡನೆ ಸೆಣಸುತ್ತಾನೆ. ಬಳಿಕ ವಿಮಾನ ಇಳಿದು ತೈಚುಂಗ್ ನಗರದ ಸ್ಕೂಟರುಗಳ ಮಹಾಪ್ರವಾಹದ ನಡುವೆ ಶಿರಸ್ತ್ರಾಣ ಧರಿಸಿ ಸೈಕಲ್ ತುಳಿಯತೊಡಗಿದಾಗ, ತಾನು ಕಲಿತ ಚೀನೀ ಭಾಷೆ ಬೀದಿಯ ಮುದುಕಿಯ ಬಾಯಲ್ಲಿ ಗುರುತೇ ಸಿಗದಂತಿರುವುದು ಅವನ ಅರಿವಿಗೆ ಬರುತ್ತದೆ.

ಅವರ ವಾರ ಸಾಮಾನ್ಯವಾಗಿ ಸೋಮವಾರದಿಂದ ಆರಂಭ. ಅದು ಸಿದ್ಧತೆಯ ದಿನ; ಬೋಧನೆಗೆ ಅಂದು ಸಂಜೆಯವರೆಗೆ ಬಿಡುವು. ಬಟ್ಟೆ ಒಗೆಯುವುದು, ಕ್ಷೌರ, ವಾರದ ದಿನಸಿ, ಸೈಕಲ್ಲಿನ ರಿಪೇರಿ, ಸುತ್ತಲ ಊರುಗಳ ಜೊತೆಗಾರರೊಡನೆ ಒಂದಿಷ್ಟು ಬ್ಯಾಸ್ಕೆಟ್‌ಬಾಲ್, ಎಲ್ಲವೂ ಆ ಕೆಲವು ಗಂಟೆಗಳಲ್ಲಿ ಮುಗಿಯತಕ್ಕದ್ದು. ತೈವಾನಿನಲ್ಲಿ ಕಸದ ಲಾರಿ ಬೀಥೋವನನ ಸಂಗೀತವನ್ನು ನುಡಿಸುತ್ತ ಬೀದಿಗೆ ಬರುತ್ತದೆ. ಆ ಸ್ವರ ಕಿವಿಗೆ ಬಿದ್ದೊಡನೆ ನೆರೆಹೊರೆಯವರಂತೆ ಈ ಹುಡುಗರೂ ಚೀಲ ಹಿಡಿದು ಓಡಿಬರುತ್ತಾರೆ. ಮನೆಯಲ್ಲಿ ತಾಯಿ ಮಡಿಸಿಟ್ಟ ಅಂಗಿಯನ್ನು ತೊಟ್ಟು ಬೆಳೆದವನು ಸ್ವಂತ ಮನೆಯೊಂದನ್ನು ನಡೆಸುವುದು ಅವನ ಬಾಳಿನಲ್ಲಿ ಇದೇ ಮೊದಲು.

ಆದರೆ ಸೋಮವಾರದ ಹೃದಯವಿರುವುದು ಮನೆಗೆ ಬರೆಯುವ ಓಲೆಯಲ್ಲಿ. 2019ರ ಫೆಬ್ರುವರಿಯವರೆಗೂ ಕ್ರಿಸ್ಮಸ್ ಮತ್ತು ತಾಯಂದಿರ ದಿನ, ಈ ಎರಡು ದಿನಗಳ ಹೊರತು ತಂದೆತಾಯಿಗಳ ದನಿಯನ್ನು ಕೇಳುವಂತಿರಲಿಲ್ಲ. ವಾರಕ್ಕೊಂದು ಪತ್ರವೇ ಏಕೈಕ ಸೇತು. ಈಗ ವಾರಕ್ಕೊಮ್ಮೆ ದೂರವಾಣಿಯಲ್ಲೋ ವಿಡಿಯೋದಲ್ಲೋ ಮಾತನಾಡಲು ಅನುಮತಿಯಿದೆ; ಇದು ಮಾನವೀಯವಾದ ಸುಧಾರಣೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಆ ಪತ್ರದ ಪದ್ಧತಿ ಉಳಿದುಬಂದಿರುವುದು ಒಳ್ಳೆಯದೇ. ಹದಿನೆಂಟರ ಹುಡುಗನೊಬ್ಬ ಏಳು ದಿನಗಳನ್ನು ಹಿಂದಿರುಗಿ ನೋಡಿ, ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು, ಯಾವ ದಿನ ಕಣ್ಣೀರು ಬಂದಿತು, ಯಾವ ದಿನ ಪರಭಾಷೆಯ ಒಂದು ವಾಕ್ಯ ತಡೆಯಿಲ್ಲದೆ ನಾಲಗೆಗೆ ಬಂದಿತು ಎಂಬುದನ್ನು ತಂಗಿಗೂ ಅಜ್ಜಿಗೂ ತಿಳಿಯುವ ಹಾಗೆ ನೂರು ವಾರಗಳ ಕಾಲ ಬಿಡದೆ ಬರೆಯುವನೆಂದರೆ, ಅಂತಹ ಆತ್ಮಪರೀಕ್ಷೆಯ ಅಭ್ಯಾಸವನ್ನು ಕಲಿಸುವ ಶಾಲೆ ನಮ್ಮ ಕಾಲದಲ್ಲಿ ಬಹಳವಿಲ್ಲ. ತನ್ನ ಕ್ಷೇತ್ರದ ಅಧ್ಯಕ್ಷರಿಗೂ ಅವನು ವಾರಕ್ಕೊಂದು ಪತ್ರ ಬರೆಯುತ್ತಾನೆ. ಈ ಅಧ್ಯಕ್ಷರು ಮೂರು ವರ್ಷಗಳ ಮಟ್ಟಿಗೆ ಉದ್ಯೋಗವನ್ನು ಬದಿಗಿಟ್ಟು ಪತ್ನೀಸಮೇತರಾಗಿ ಬಂದಿರುವ ಗೃಹಸ್ಥರು. ಇಬ್ಬರೂ ಆ ಹುಡುಗ ಹುಡುಗಿಯರಿಗೆಲ್ಲ ತಂದೆತಾಯಿಗಳ ಸ್ಥಾನದಲ್ಲಿರುವವರು.

ಮಂಗಳವಾರದಿಂದ ದಿನಚರಿ ಬಿಗಿ. ಬೆಳಗಿನ ಆರೂವರೆಗೆ ಎದ್ದು ವ್ಯಾಯಾಮ, ಪ್ರಾರ್ಥನೆ, ಗ್ರಂಥಪಠನ, ಜೊತೆಗಾರನೊಡನೆ ಕೂಡಿ ಅಧ್ಯಯನ, ಭಾಷಾಭ್ಯಾಸ. ಆಮೇಲೆ ಹೊರಗೆ ಹೊರಟರೆ ಮರಳುವುದು ರಾತ್ರಿ ಒಂಬತ್ತರ ಸುಮಾರಿಗೆ, ಮಲಗುವುದು ಹತ್ತೂವರೆಗೆ. ಸಿನಿಮಾ ಇಲ್ಲ, ಟೆಲಿವಿಷನ್ ಇಲ್ಲ, ಪ್ರಣಯವಿಲ್ಲ. ಮದ್ಯ ತಂಬಾಕುಗಳಂತೆ ಕಾಫಿ ಟೀಗಳೂ ಅವರ ಧರ್ಮದಲ್ಲಿ ನಿಷಿದ್ಧ. ಅತಿಥಿ ಬಂದೊಡನೆ ಟೀ ಬಸಿಯುವುದೇ ಸೌಜನ್ಯವಾಗಿರುವ ತೈವಾನಿನಲ್ಲಿ ಈ ನಿಯಮವನ್ನು ಪಾಲಿಸಿಯೂ ಆತಿಥೇಯನ ಮನಸ್ಸು ನೋಯದಂತೆ ನಡೆದುಕೊಳ್ಳುವುದು ಅವನು ಕಲಿಯುವ ಮೊದಲ ವಿದ್ಯೆಗಳಲ್ಲಿ ಒಂದು. ಕೆಂಪು ದೀಪದಲ್ಲಿ ನಿಂತ ಸ್ಕೂಟರ್ ಸವಾರರನ್ನು ಮಾತನಾಡಿಸುವುದು, ಉಚಿತ ಇಂಗ್ಲಿಷ್ ತರಗತಿ ನಡೆಸುವುದು, ಊರವರಿಗೆ ಕೈಲಾದ ಸೇವೆ ಮಾಡುವುದು, ಆಸಕ್ತಿ ತೋರಿದವರ ಮನೆಯಲ್ಲಿ ಪಾಠ ಹೇಳುವುದು, ಹೀಗೆ ದಿನಗಳು ಸರಿಯುತ್ತವೆ. ಆಸಕ್ತಿ ತೋರುವವರು ಕೆಲವರು, ಬೇಡವೆನ್ನುವವರು ಬಹುಜನ. ಸೌಮ್ಯವಾಗಿ ಬೇಡವೆನ್ನುವವರೂ ಉಂಟು, ಗದರುವವರೂ ಉಂಟು.

ಅಲ್ಲಿನ ಮನೆಗಳಲ್ಲಿ ಪೂರ್ವಜರ ಪೀಠವಿರುತ್ತದೆ. ಏಳನೆಯ ಚಾಂದ್ರಮಾಸದಲ್ಲಿ ಬೀದಿಬೀದಿಗಳಲ್ಲಿ ಪಿತೃಗಳಿಗೂ ಅನಾಥ ಪ್ರೇತಗಳಿಗೂ ಎಡೆಯಿಟ್ಟು ಧೂಪ ಹಚ್ಚುತ್ತಾರೆ. ಹಿರಿಯ ಮಗ ಈ ಹೊಸ ಮತಕ್ಕೆ ಸೇರಿದರೆ ನಾಳೆ ನಮ್ಮ ಪೀಠದ ಮುಂದೆ ಧೂಪವಿಡುವವರು ಯಾರು ಎಂಬ ಪ್ರಶ್ನೆಯನ್ನು ತಾಯಿಯೊಬ್ಬಳು ಕೇಳಿದಾಗ, ಶ್ರಾದ್ಧದ ಮನೆಗಳಲ್ಲಿ ಬೆಳೆದ ನಮಗೆ ಅದರ ಭಾರ ಕೂಡಲೇ ಅರ್ಥವಾಗುತ್ತದೆ. ಅಮೆರಿಕದ ಹುಡುಗನಿಗೆ ಅರ್ಥವಾಗಲು ಕಾಲ ಬೇಕು. ಆದರೆ ಇಲ್ಲಿಯೇ ಒಂದು ಸೋಜಿಗದ ಸಂಧಿಸ್ಥಾನವಿದೆ. ಮಾರ್ಮನ್ನರೂ ಗತಿಸಿದ ಹಿರಿಯರನ್ನು ಮರೆಯದ ಜನ; 1894ರಲ್ಲಿ ಯೂಟಾದಲ್ಲಿ ವಂಶಾವಳಿಗಳ ಸಂಘವೊಂದನ್ನು ಸ್ಥಾಪಿಸಿ, ಲೋಕದ ನಾನಾ ದೇಶಗಳ ಜನನಮರಣಗಳ ದಾಖಲೆಗಳನ್ನು ಸಂಗ್ರಹಿಸಿ, ಬೆಟ್ಟವನ್ನು ಕೊರೆದು ನಿರ್ಮಿಸಿದ ಉಗ್ರಾಣದಲ್ಲಿ ಕಾಪಾಡುತ್ತಿರುವವರು. ಮೃತರ ಪರವಾಗಿ ಬದುಕಿರುವವರು ಮಂದಿರದಲ್ಲಿ ದೀಕ್ಷಾಸ್ನಾನ ಮಾಡುವ ವಿಧಿಯೂ ಅವರಲ್ಲಿದೆ. ಆದುದರಿಂದ ಮನೆಯ ವಂಶಾವಳಿಯ ಹೊತ್ತಗೆಯನ್ನು ತೋರಿಸಿರೆಂದು ಹುಡುಗ ಭಕ್ತಿಯಿಂದ ಕೇಳಿಕೊಂಡಾಗ, ಮತವನ್ನು ಒಪ್ಪದ ತಾತನೂ ಅದನ್ನು ಬಿಚ್ಚಿ ತೋರಿಸುವುದುಂಟು.

ಇಷ್ಟೆಲ್ಲಕ್ಕಿಂತ ಕಠಿನವಾದ ಸಾಧನೆಯೆಂದರೆ ಜೊತೆಗಾರನೊಡನೆ ಬಾಳುವುದು. ನಿಯಮದ ಪ್ರಕಾರ ಇಬ್ಬರೂ ಸದಾ ಪರಸ್ಪರರ ಕಣ್ಣಳತೆಯಲ್ಲಿ, ಕಿವಿಯಳವಿನಲ್ಲಿ ಇರಬೇಕು. ಸ್ನಾನಶೌಚಾದಿಗಳ ಹೊರತು ಏಕಾಂತವೆಂಬುದಿಲ್ಲ. ಜೊತೆಗಾರನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಹೊಸಬನಿಗೆ ಮೊದಲ 12 ವಾರ ಅನುಭವಿಯೊಬ್ಬ ಗುರುವಿನಂತೆ ಒದಗುತ್ತಾನೆ. ಮುಂದೆ ಸುಮಾರು ಆರು ವಾರಗಳಿಗೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಯಾರು ಯಾವ ಊರಿಗೆ, ಯಾರೊಡನೆ ಎಂಬುದು ಅಂದು ಗೊತ್ತಾಗುತ್ತದೆ. ತೈಪೆಯ ಶ್ರೀಮಂತನ ಮಗ ಐಡಹೋದ ಆಲೂಗಡ್ಡೆ ರೈತನ ಮಗನೊಡನೆ ಒಂದೇ ಅಡಿಗೆಮನೆಯಲ್ಲಿ ಅನ್ನ ಬೇಯಿಸಬೇಕಾಗಿ ಬರಬಹುದು. ಒಬ್ಬ ಮಾತುಗಾರ, ಒಬ್ಬ ಮೌನಿ. ಒಬ್ಬ ಶುಚಿ, ಇನ್ನೊಬ್ಬ ಕಾಲುಚೀಲವನ್ನು ಕಂಡಲ್ಲಿ ಎಸೆಯುವವನು. ಇದಕ್ಕೆ ಆ ಸಂಸ್ಥೆ ಕಂಡುಕೊಂಡಿರುವ ಉಪಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಾರಕ್ಕೊಮ್ಮೆ ಇಬ್ಬರೂ ಕೂತು ಮುಂದಿನ ಏಳು ದಿನಗಳ ಯೋಜನೆ ಹಾಕಿದ ಮೇಲೆ, ಕೊನೆಯಲ್ಲಿ ತಮ್ಮತಮ್ಮ ಬಾಂಧವ್ಯವನ್ನೇ ವಿಚಾರಕ್ಕೆ ತೆಗೆದುಕೊಳ್ಳಬೇಕು: ನಿನ್ನಲ್ಲಿ ನಾನು ಕಂಡ ಗುಣ ಇದು, ನನಗೆ ನೋವಾದದ್ದು ಇಲ್ಲಿ, ನಾನು ತಿದ್ದಿಕೊಳ್ಳಬೇಕಾದುದು ಯಾವುದು ಹೇಳು. ಬಳಿಕ ಕೂಡಿ ಪ್ರಾರ್ಥನೆ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದ ದಂಪತಿಗಳಿಗೂ, ಒಂದೇ ಹೊಲವನ್ನು ಉತ್ತ ಅಣ್ಣತಮ್ಮಂದಿರಿಗೂ ಬಾರದ ಮಾತುಗಳು ಇವು. ಅಪರಿಚಿತರಿಗೆ ಧರ್ಮವನ್ನು ಹೇಳಹೊರಟವನು ಮೊದಲು ಪಕ್ಕದ ಮಂಚದವನನ್ನು ಸಹಿಸುವುದನ್ನು ಕಲಿಯಲೇಬೇಕೆಂಬ ಏರ್ಪಾಟೇ ಈ ಸಂಸ್ಥೆಯ ನಿಜವಾದ ಬೆನ್ನೆಲುಬು ಎಂದು ನಾನು ತಿಳಿದಿದ್ದೇನೆ.

ಭಾನುವಾರ ಸಭಾಮಂದಿರದಲ್ಲಿ ಎರಡು ಗಂಟೆಗಳ ಆರಾಧನೆ. ರೊಟ್ಟಿಯನ್ನೂ ನೀರನ್ನೂ ಪ್ರಸಾದವಾಗಿ ಹಂಚುತ್ತಾರೆ. ಅವರ ಪೂಜೆಯಲ್ಲಿ ದ್ರಾಕ್ಷಾರಸಕ್ಕೆ ಎಡೆಯಿಲ್ಲ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ಆ ಊಟದ ಹಣವನ್ನು ಬಡವರಿಗಾಗಿ ಕೊಡುತ್ತಾರೆ. ವಾರವಿಡೀ ಪಾಠ ಕೇಳಿ ಖಂಡಿತ ಬರುತ್ತೇನೆಂದಿದ್ದ ಮನುಷ್ಯ ಬಾರದೆ, ಬಾಗಿಲ ಕಡೆಗೇ ನೆಟ್ಟ ಕಣ್ಣಿನಿಂದ ಹುಡುಗರು ಕೀರ್ತನೆ ಹಾಡುವ ಭಾನುವಾರಗಳು ಅನೇಕ. ಅಂದು ರಾತ್ರಿ ವಾರದ ಲೆಕ್ಕ ಒಪ್ಪಿಸಬೇಕು: ಎಷ್ಟು ಪಾಠ, ಎಷ್ಟು ಜನ ಸಭೆಗೆ ಬಂದರು, ಎಷ್ಟು ಮಂದಿ ದೀಕ್ಷೆಗೆ ದಿನ ಗೊತ್ತುಮಾಡಿದರು. ಈ ಅಂಕಿಗಳ ಪದ್ಧತಿ ನನಗೆ ಹಿಡಿಸುವುದಿಲ್ಲ. ಒಬ್ಬ ಮುದುಕನ ಏಕಾಕಿತನದೊಡನೆ ಒಂದು ಸಂಜೆ ಕುಳಿತು ಬಂದುದನ್ನು ಯಾವ ಕಲಮಿನಲ್ಲಿ ಬರೆಯುವುದು?

ಇನ್ನೊಂದು ಆಕ್ಷೇಪವನ್ನೂ ಹೇಳಿಬಿಡಬೇಕು. ಅನಾರೋಗ್ಯದಿಂದಲೋ ಮನಸ್ಸಿನ ತಳಮಳದಿಂದಲೋ ಅವಧಿಗೆ ಮೊದಲೇ ಮನೆಗೆ ಮರಳುವ ಮಕ್ಕಳನ್ನು, ಅದರಲ್ಲಿಯೂ ಯೂಟಾದ ಬಿಗಿಯಾದ ಸಮಾಜದಲ್ಲಿ, ಸೋತು ಬಂದವರೆಂಬಂತೆ ಕಾಣುವ ವಾಡಿಕೆ ಇನ್ನೂ ಅಳಿದಿಲ್ಲ. ಹುಡುಗರಿಗೆ ಈ ಸೇವೆ ಕರ್ತವ್ಯವೆಂದು ಎಳವೆಯಿಂದಲೇ ಹೇಳುತ್ತ ಬಂದಿರುವುದರಿಂದ, ಮನಸ್ಸಿಲ್ಲದವನಿಗೆ ಇಲ್ಲವೆನ್ನುವುದು ಸುಲಭವಲ್ಲ. ಸ್ವಇಚ್ಛೆಯಿಂದ ಕೊಟ್ಟ ಎರಡು ವರ್ಷಕ್ಕೂ, ಊರಿನ ಕಣ್ಣಿಗೆ ಅಂಜಿ ಕೊಟ್ಟ ಎರಡು ವರ್ಷಕ್ಕೂ ಅಜಗಜಾಂತರವುಂಟು.

ಭಾರತಕ್ಕೆ ಈ ಪಂಥದ ಪ್ರಚಾರಕರು ಮೊದಲು ಬಂದುದು 1850ರ ದಶಕದ ಆರಂಭದಲ್ಲಿ, ಕಲ್ಕತ್ತೆಗೆ. ಆ ಪ್ರಯತ್ನ ಬೇರೂರಲಿಲ್ಲ. 1993ರಲ್ಲಿ ಬೆಂಗಳೂರು ಒಂದು ಸೇವಾಕ್ಷೇತ್ರದ ಕೇಂದ್ರವಾಯಿತು; ದೇಶದ ಮೊದಲ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯ ಕಾರ್ಯ ನಡೆಯಿತು. ಮತಾಂತರದ ವಿಚಾರ ನಮ್ಮಲ್ಲಿ ಸೂಕ್ಷ್ಮವಾದುದು. ಅದರ ಸರಿತಪ್ಪುಗಳನ್ನು ಇಲ್ಲಿ ತೂಗಹೊರಟಿಲ್ಲ. ಹೇಳಬೇಕೆನಿಸುವುದು ಬೇರೆ. ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ನೆಲೆಸಿರುವ ಕನ್ನಡಿಗರ ಮನೆಯ ಗಂಟೆಯನ್ನು ಎಂದಾದರೊಂದು ಸಂಜೆ ಈ ಹುಡುಗರು ಒತ್ತಿಯಾರು. ಅವರ ಮತ ನಮಗೆ ಬೇಡವಾಗಿರಬಹುದು. ಹಾಗೆಂದು ನೇರವಾಗಿ ಹೇಳಿದರೆ ಅವರು ಬೇಸರಪಡರು, ಅದು ಅವರಿಗೆ ದಿನವೂ ಕೇಳಿ ರೂಢಿಯಾದ ಮಾತು. ಆದರೆ ಕದವನ್ನು ಮುಖದ ಮೇಲೆ ಮುಚ್ಚಬೇಡಿ. ಜಗಲಿಯಲ್ಲಾದರೂ ಐದು ನಿಮಿಷ ಕುಳ್ಳಿರಿಸಿ, ಯಾವ ಊರಪ್ಪಾ, ಮನೆಯಲ್ಲಿ ಯಾರುಯಾರಿದ್ದಾರೆ ಎಂದು ವಿಚಾರಿಸಿ. ಕಾಫಿ ಮಾಡಲು ಹೋಗಬೇಡಿ. ಒಂದು ಲೋಟ ನೀರು ಮಜ್ಜಿಗೆ ಕೊಡಿ.