ಚೀನೀಯರು ಹಿರಿಯರನ್ನು ಕರೆಯುವ ಬಗೆ

ಮನೆಗೆ ಹಿರಿಯರು ಬಂದೊಡನೆ ಮಕ್ಕಳು ನಮಸ್ಕರಿಸಬೇಕೆಂಬುದು ನಮ್ಮ ಗೃಹಗಳಲ್ಲಿ ಮೊದಲ ಪಾಠ. ಚೀನಾದೇಶದ ಗೃಹಗಳಲ್ಲಿ ಮೊದಲ ಪಾಠವು ನಾಲಗೆಗೆ ಸೇರಿದ್ದು. ಬಂಧುಗಳು ಹೊಸ್ತಿಲು ದಾಟಿ ಒಳಗೆ ಬಂದಾಗ ತಾಯಿಯು ಮಗುವನ್ನು ಮುಂದಕ್ಕೆ ಬಿಟ್ಟು, “ಕರೆ” ಎನ್ನುತ್ತಾಳೆ. ಬಂದವರಿಗೂ ತನಗೂ ಇರತಕ್ಕ ಸಂಬಂಧವನ್ನು ತಿಳಿಸುವ ಶಬ್ದವನ್ನು ಮಗುವು ಸ್ಪಷ್ಟವಾಗಿ ಉಚ್ಚರಿಸಬೇಕು. ಅಷ್ಟಾದರೆ ಸಾಕು, ಬೇರೆ ಕುಶಲಪ್ರಶ್ನೆ ಬೇಕಾಗಿಲ್ಲ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಸಂಬೋಧನೆಯೇ ನಮಸ್ಕಾರ. ಕರೆಯದೆ ಸುಮ್ಮನೆ ನಿಂತ ಮಗುವನ್ನು ಕಂಡವರು ಅದರ ತಂದೆತಾಯಿಗಳನ್ನು ದೂರುತ್ತಾರೆ. ಅನೇಕ ಮನೆಗಳಲ್ಲಿ ಊಟಕ್ಕೆ ಕುಳಿತ ಕಿರಿಯರು, ಹಿರಿಯರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಕರೆದು “ಊಟಮಾಡಿರಿ” ಎಂದ ಮೇಲೆಯೇ ತುತ್ತೆತ್ತುವುದು ವಾಡಿಕೆ.

ಸರಿಯಾಗಿ ಕರೆಯುವುದು ಸುಲಭವಲ್ಲ. ತಂದೆಯ ತಂದೆ ‘ಯೇಯೆ’, ತಂದೆಯ ತಾಯಿ ‘ನೈನೈ’; ತಾಯಿಯ ತಂದೆತಾಯಿಗಳಿಗೆ ಬೇರೆ ಶಬ್ದಗಳು. ತಂದೆಯ ಅಣ್ಣ ‘ಬೋಬೊ’, ತಂದೆಯ ತಮ್ಮ ‘ಶೂಶು’, ತಾಯಿಯ ಸೋದರ ‘ಜಿಯೂಜಿಯು’. ಇಂಗ್ಲಿಷರು ಈ ಮೂವರನ್ನೂ ‘ಅಂಕಲ್’ ಎಂಬ ಒಂದೇ ಶಬ್ದದಲ್ಲಿ ಅಡಗಿಸಿಬಿಟ್ಟಿದ್ದಾರೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ವಿಂಗಡಿಸಬಲ್ಲ ಕನ್ನಡಿಗನಿಗೆ ಚೀನೀಯರ ಕ್ರಮವು ಕೂಡಲೆ ಅರ್ಥವಾಗುತ್ತದೆ. 2,000 ವರ್ಷಗಳಿಗೂ ಹಿಂದಿನ ‘ಅರ್‌ಯಾ’ ಎಂಬ ಅವರ ನಿಘಂಟಿನಲ್ಲಿ ಬಂಧುವಾಚಕ ಶಬ್ದಗಳಿಗೆಂದೇ ಒಂದು ಅಧ್ಯಾಯವುಂಟು. ಅಮರಕೋಶದ ಮನುಷ್ಯವರ್ಗವನ್ನು ಬಾಲ್ಯದಲ್ಲಿ ಕಂಠಪಾಠಮಾಡಿದ ನಮಗೆ ಈ ಸಂಗತಿಯು ಬಹಳ ಹಿತವೆನಿಸಿತು. ಬಂಧುಗಳಲ್ಲಿ ವಯಸ್ಸಿಗಿಂತ ತಲೆಮಾರು ಪ್ರಬಲವಾದ್ದರಿಂದ, ಮೀಸೆ ನರೆತವನು ಹಾಲುಹಲ್ಲಿನ ಹುಡುಗನನ್ನು ‘ಶೂಶು’ ಎಂದು ಕರೆಯಬೇಕಾಗಿ ಬರುವುದೂ ಉಂಟು.

ಈ ಶಬ್ದಗಳು ಬಂಧುಗಳಲ್ಲಿಯೇ ನಿಲ್ಲುವುದಿಲ್ಲ. ದಾರಿಯಲ್ಲಿ ಎದುರಾದ ಅಪರಿಚಿತನು ತನ್ನ ತಂದೆಗಿಂತ ದೊಡ್ಡವನಂತೆ ಕಂಡರೆ ಬಾಲಕನು ‘ಬೋಬೊ’ ಎನ್ನುತ್ತಾನೆ; ಚಿಕ್ಕವನಂತೆ ಕಂಡರೆ ‘ಶೂಶು’ ಎನ್ನುತ್ತಾನೆ. ಮುಪ್ಪಿನವರೆಲ್ಲರೂ ‘ಯೇಯೆ’, ‘ನೈನೈ’.

ಹಿರಿಯರನ್ನು ಹೆಸರು ಹಿಡಿದು ಕರೆಯುವುದಂತೂ ನಿಷಿದ್ಧ. ಗುರುವಿನ ಹೆಸರನ್ನು ಪರೋಕ್ಷದಲ್ಲಿಯೂ ಬರಿದೆ ಹೇಳಬಾರದೆಂದು ಮನುಸ್ಮೃತಿಯು ವಿಧಿಸಿದೆಯಷ್ಟೆ; ಚೀನೀಯರು ಈ ದಾರಿಯಲ್ಲಿ ಇನ್ನೂ ಬಹುದೂರ ಹೋದರು. ಇತಿಹಾಸಕಾರನಾದ ಸೀಮಾ ಚಿಯೆನ್ ಎಂಬವನ ತಂದೆಯ ಹೆಸರು ‘ತಾನ್’. ತನ್ನ ಗ್ರಂಥದಲ್ಲಿ ಅದೇ ಹೆಸರಿನ ಬೇರೊಬ್ಬನ ಪ್ರಸಂಗ ಬಂದಾಗ ಆತನು ಅವನ ಹೆಸರನ್ನೇ ಬದಲಾಯಿಸಿ ಬರೆದನು. 18ನೆಯ ಶತಮಾನದ ‘ಕೆಂಪು ಮಹಲಿನ ಕನಸು’ ಎಂಬ ಪ್ರಸಿದ್ಧ ಕಾದಂಬರಿಯ ನಾಯಿಕೆಯು, ಓದುವಾಗ ತಾಯಿಯ ಹೆಸರಾದ ‘ಮಿನ್’ ಎಂಬುದು ಬಂದರೆ ‘ಮಿ’ ಎಂದು ಉಚ್ಚರಿಸುತ್ತಾಳೆ. ಬರೆಯುವಾಗ ಆ ಅಕ್ಷರದ ಒಂದೆರಡು ಗೆರೆಗಳನ್ನು ಬಿಡುತ್ತಾಳೆ. ಇಲ್ಲಿಯ ವರೆಗೆ ಎಲ್ಲವೂ ಮಧುರವೇ. ಆದರೆ 9ನೆಯ ಶತಮಾನದ ಆರಂಭದಲ್ಲಿದ್ದ ಲೀ ಹ ಎಂಬ ತರುಣಕವಿಯ ಕಥೆ ಬೇರೆ. ಅವನ ತಂದೆಯ ಹೆಸರಿನ ಮೊದಲ ಭಾಗ ‘ಜಿನ್’. ರಾಜ್ಯದ ಉನ್ನತ ಪರೀಕ್ಷೆಯ ಹೆಸರು ‘ಜಿನ್‌ಶಿ’. ಅಕ್ಷರ ಬೇರೆ, ಉಚ್ಚಾರಣೆ ಒಂದೇ. ಇಷ್ಟನ್ನೇ ಹಿಡಿದು, ಆ ಪರೀಕ್ಷೆಗೆ ಕುಳಿತರೆ ಪಿತೃನಾಮಕ್ಕೆ ಅಪಚಾರವಾದೀತೆಂದು ಅಸೂಯಾಪರರು ಕೂಗಿದರು. ಹಾನ್ ಯು ಎಂಬ ಮಹಾವಿದ್ವಾಂಸನು, ಪ್ರಾಚೀನ ವಿಧಿಗಳಲ್ಲಿ ಸಮಾನೋಚ್ಚಾರದ ಶಬ್ದಗಳಿಗೆ ನಿಷೇಧವಿಲ್ಲವೆಂದು ಪ್ರಬಂಧವನ್ನೇ ಬರೆದು ವಾದಿಸಿದರೂ ಫಲವಾಗಲಿಲ್ಲ. ಲೀ ಹನು ಆ ಪದವಿಯನ್ನು ಪಡೆಯದೆ, ಸಣ್ಣದೊಂದು ಉದ್ಯೋಗದಲ್ಲಿ ನವೆದು, ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ಮಗನ ಬಾಳನ್ನು ನುಂಗುವ ಪಿತೃಗೌರವವನ್ನು ಯಾವ ತಂದೆಯು ಬಯಸಿಯಾನು?

ಇನ್ನು ಸರ್ವನಾಮದ ವಿಷಯ. ಚೀನೀ ಭಾಷೆಯಲ್ಲಿ ಸಾಮಾನ್ಯ ಮಧ್ಯಮಪುರುಷವು ‘ನೀ’ ಎಂದೇ ಇದೆ! ಇದು ಬರಿಯ ಕಾಕತಾಳೀಯ. ಇದರಿಂದ ಭಾಷಾಸಂಬಂಧವನ್ನು ಊಹಿಸತಕ್ಕದ್ದಲ್ಲ. ಹಿರಿಯರಿಗೆ ‘ನಿನ್’ ಎನ್ನುವುದು ಗೌರವ. ಬೀಜಿಂಗಿನ ಕಡೆ ಇದು ಹೆಚ್ಚು, ದಕ್ಷಿಣದ ಆಡುನುಡಿಗಳಲ್ಲಿ ವಿರಳ. ಮಗುವನ್ನು “ಎಷ್ಟು ವರ್ಷ?” ಎಂದು ಕೇಳಿದಂತೆ ವೃದ್ಧರನ್ನು ಕೇಳಬಾರದು, ಅವರ ‘ಉನ್ನತ ಆಯುಸ್ಸು’ ಎಷ್ಟೆಂದು ವಿಚಾರಿಸಬೇಕು.

‘ಲಾವ್’ ಎಂದರೆ ಮುದಿ, ಹಳೆಯ ಎಂದರ್ಥ. ನಮ್ಮಲ್ಲಿ ಒಬ್ಬರನ್ನು ‘ಮುದಿಯ’ ಎಂದರೆ ಜಗಳವಾದೀತು. ಅಲ್ಲಿ ಅದೊಂದು ಆಭರಣ. ವಾಂಗ್ ಎಂಬ ಕುಲನಾಮದ, ತನಗಿಂತ ತುಸು ಹಿರಿಯನಾದ ಸಹೋದ್ಯೋಗಿಯು ಸಲಿಗೆಯಿಂದ ‘ಲಾವ್ ವಾಂಗ್’ ಆಗುತ್ತಾನೆ. ಅದೇ ಶಬ್ದವನ್ನು ಕುಲನಾಮದ ಬಳಿಕ ಇಟ್ಟು ‘ವಾಂಗ್ ಲಾವ್’ ಎಂದರೆ ಪರಮಪೂಜ್ಯತೆ. ಗ್ವೋ ಮೋರೊ (1892–1978) ಎಂಬ ಸಾಹಿತಿಯನ್ನು ಜನರು ‘ಗ್ವೋ ಲಾವ್’ ಎನ್ನುತ್ತಿದ್ದರು. ಉಪಾಧ್ಯಾಯರಿಗೆ ‘ಲಾವ್‌ಶಿ’ ಎಂದು ಹೆಸರು, ಇಪ್ಪತ್ತೆರಡರ ತರುಣಿಯಾದರೂ ಸರಿಯೆ. ಈ ವೃತ್ತಿಯು ತಲೆಯನ್ನು ಬೇಗನೆ ನರೆಸುವುದರಿಂದ ಶಬ್ದವು ಅಕಾಲಿಕವಲ್ಲವೆಂದು ನಮ್ಮ ವೃತ್ತಿಬಾಂಧವರು ಒಪ್ಪಿಯಾರು.

1949ರ ಬಳಿಕ ‘ತೊಂಗ್‌ಜಿ’, ಎಂದರೆ ಸಂಗಾತಿ, ಎಂಬ ಒಂದೇ ಶಬ್ದವು ಎಲ್ಲರಿಗೂ ಸಲ್ಲಲೆಂದು ರಾಜ್ಯವು ಬಯಸಿತು. ಮನೆಯೊಳಗೆ ಮಾತ್ರ ಅಜ್ಜನು ಅಜ್ಜನಾಗಿಯೇ ಉಳಿದನು. ಬಂಧುವಾಚಕಗಳಿಗೆ ದೊಡ್ಡ ಪೆಟ್ಟು ಬಿದ್ದುದು ಬೇರೆ ಕಡೆಯಿಂದ. 1980ರಿಂದ 2015ರ ವರೆಗೆ ನಗರಗಳ ಬಹುಪಾಲು ದಂಪತಿಗಳಿಗೆ ಒಂದೇ ಮಗುವೆಂಬ ಕಟ್ಟಳೆಯಿತ್ತು. ಒಡಹುಟ್ಟಿದವರಿಲ್ಲದ ಇಬ್ಬರು ಮದುವೆಯಾದರೆ ಅವರ ಮಗುವಿಗೆ ದೊಡ್ಡಪ್ಪನಿಲ್ಲ, ಚಿಕ್ಕಪ್ಪನಿಲ್ಲ, ಸೋದರಮಾವನಿಲ್ಲ, ಅತ್ತೆಯಿಲ್ಲ. ಅಂಥ ಮಗುವು ‘ಶೂಶು’ ಎಂಬ ಶಬ್ದವನ್ನು ಬೀದಿಯ ಅಪರಿಚಿತರ ಮೇಲೆ ಪ್ರಯೋಗಿಸಿಯೇ ಕಲಿಯಬೇಕು.

ಇತ್ತ ವೃದ್ಧರ ಸಂಖ್ಯೆ ಬೆಳೆಯುತ್ತಿದೆ. 2020ರ ಜನಗಣತಿಯಲ್ಲಿ 60 ವರ್ಷ ತುಂಬಿದವರು 26 ಕೋಟಿಗೂ ಮಿಕ್ಕಿದ್ದರು. ಬೇರೆ ವಾಸಿಸುವ ಮಕ್ಕಳು ಹಿರಿಯರನ್ನು ಆಗಾಗ ನೋಡಬೇಕು, ಇಲ್ಲವೆ ಕುಶಲ ವಿಚಾರಿಸಬೇಕು ಎಂಬ ವಿಧಿಯು 2013ರ ಜುಲೈ 1ರಿಂದ ಶಾಸನದಲ್ಲಿಯೇ ಸೇರಿದೆ. ವಸಂತೋತ್ಸವವೆಂಬ ಹೊಸವರ್ಷದ ಹಬ್ಬಕ್ಕೆ ಊರಿಗೆ ಹೊರಟ ತರುಣರಿಗೆ ಈಗ ಮೊಬೈಲಿನಲ್ಲಿ ಒಂದು ‘ಬಂಧುಗಣಕ’ ದೊರೆಯುತ್ತದೆ. ತಂದೆಯ ತಂದೆಯ ತಮ್ಮನ ಮಗನ ಹೆಂಡತಿ ಎಂದು ಒತ್ತಿದರೆ, ಆಕೆಯನ್ನು ಏನೆಂದು ಕರೆಯಬೇಕೆಂಬುದನ್ನು ಅದು ತಿಳಿಸುತ್ತದೆ. ಬಾಗಿಲು ತೆರೆಯುವಷ್ಟರಲ್ಲಿ ಅದನ್ನು ಬಾಯಿಪಾಠಮಾಡಿಕೊಂಡಿರಬೇಕು.