ಕಪ್ಪು ಬಟ್ಟೆ, ಸರಪಳಿ, ಬಣ್ಣದ ಕೂದಲು: ಜಪಾನಿನ ರಾಕ್ ಶೈಲಿಯ ಉಡುಪು ಅಪಾಯಕಾರಿಯೇ?

ಕಪ್ಪು ಕೋಟು, ಸರಪಳಿ ತೂಗುವ ಪ್ಯಾಂಟು, ತಲೆಬುರುಡೆಯ ಉಂಗುರ, ಬಣ್ಣ ಹಚ್ಚಿದ ಕೂದಲು, ಕಣ್ಣ ಸುತ್ತ ದಟ್ಟ ಕಾಡಿಗೆ. ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗನೋ ಹುಡುಗಿಯೋ ಹೀಗೆ ಸಿಂಗರಿಸಿಕೊಂಡ ಫೋಟೊ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂತೆಂದರೆ ಮೂರು ಮಾತು ಏಳುತ್ತವೆ: ಇದು ಸೈತಾನನ ಪೂಜೆಯ ವೇಷ, ಕಪ್ಪು ಅಪಶಕುನ, ಇಂಥದ್ದರಿಂದ ಆರೋಗ್ಯ ಕೆಡುತ್ತದೆ. ಒಂದೊಂದಾಗಿ ನೋಡೋಣ.

ಮಾತು 1: ಇದು ಸೈತಾನನ ಪೂಜೆ

ತಪ್ಪು. ಇದು ಬಂದದ್ದು ಸಂಗೀತದಿಂದ. 1982ರಲ್ಲಿ ಜಪಾನಿನ ಚಿಬಾದಲ್ಲಿ ಹುಟ್ಟಿದ ರಾಕ್ ತಂಡ ಎಕ್ಸ್, ಮುಂದೆ ಎಕ್ಸ್ ಜಪಾನ್ ಎಂದು ಹೆಸರಾಯಿತು. ನಿಮಿರಿ ನಿಂತ ಕೂದಲು, ಗಂಡಸರ ಮುಖಕ್ಕೂ ಭಾರೀ ಮೇಕಪ್ ಅದರ ಗುರುತು. ಇಂಥ ತಂಡಗಳ ಶೈಲಿಗೆ ‘ವಿಷುವಲ್ ಕೇ’ ಎನ್ನುತ್ತಾರೆ. ಜಪಾನಿಯಲ್ಲಿ ‘ಕೇ’ ಎಂದರೆ ಬಗೆ, ಪಂಥ. ಎಕ್ಸ್ ತಂಡದ ಡ್ರಮ್ ವಾದಕ ಯೋಶಿಕಿ, ಕಿಮೋನೊ ಅಂಗಡಿ ನಡೆಸುತ್ತಿದ್ದ ಮನೆತನದ ಹಿರಿಯ ಮಗ. ಅಭಿಮಾನಿಗಳು ಅದೇ ರೀತಿ ಉಟ್ಟು ಟೋಕಿಯೊದ ಹರಾಜುಕು ಬೀದಿಗಳಲ್ಲಿ ಸೇರತೊಡಗಿದರು. ಸೇಫ್ಟಿ ಪಿನ್ನು, ಸರಪಳಿಗಳು 1970ರ ದಶಕದ ಲಂಡನ್ ಪಂಕ್ ಸಂಗೀತದವರಿಂದ ಬಂದವು. ಇನ್ನು ಗಂಡಸರು ಮುಖಕ್ಕೆ ಬಣ್ಣ ಹಚ್ಚುವುದು ದೊಡ್ಡಾಟ ನೋಡಿದ ನಮ್ಮ ಕಡೆಯವರಿಗೆ ಹೊಸದೇನಲ್ಲ.

ಮಾತು 2: ಕಪ್ಪು ಅಪಶಕುನ

ಹಾಗಾದರೆ ಚಂದ್ರಕಾಳಿ ಸೀರೆಗೆ ಏನೆನ್ನೋಣ? ಕಪ್ಪು ರೇಷ್ಮೆಯ ಮೇಲೆ ಕಸೂತಿ ಹಾಕಿದ ಈ ಸೀರೆಯನ್ನು ಧಾರವಾಡ ಸೀಮೆಯಲ್ಲಿ ಮದುಮಗಳಿಗೇ ಉಡಿಸುವ ಪದ್ಧತಿಯಿತ್ತು. ಬಣ್ಣಕ್ಕೆ ಶಕುನವಿಲ್ಲ, ರೂಢಿ ಇರುತ್ತದೆ ಅಷ್ಟೇ.

‘ಬಿಸಿಲಿಗೆ ಕಪ್ಪು ಹಾಕಿದರೆ ಬೇಯುತ್ತೀರಿ’ ಎಂಬ ಮಾತೂ ಅರ್ಧ ನಿಜ. ಮರುಭೂಮಿಯ ಬೆಡೊಯಿನ್ ಜನ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ಪರೀಕ್ಷಿಸಿದ ವಿಜ್ಞಾನಿಗಳು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಕಾಯುತ್ತದೆ, ಆದರೆ ನಿಲುವಂಗಿ ಸಡಿಲವಾಗಿದ್ದರೆ ಆ ಶಾಖ ಮೈ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತದೆ. ಬಿಳಿ ತೊಟ್ಟವರಿಗೂ ಕಪ್ಪು ತೊಟ್ಟವರಿಗೂ ಮೈಗೆ ತಗುಲಿದ ಶಾಖ ಒಂದೇ. ಮೈಗಂಟಿದ ರೆಕ್ಸಿನ್ ಜಾಕೆಟ್ಟಿಗೆ ಈ ಲಾಭವಿಲ್ಲ. ಅದನ್ನು ಏಪ್ರಿಲ್ ಮಧ್ಯಾಹ್ನಕ್ಕಲ್ಲ, ಡಿಸೆಂಬರ್ ಸಂಜೆಗೆ ಇಟ್ಟುಕೊಳ್ಳಿ.

ಮಾತು 3: ಆರೋಗ್ಯ ಕೆಡುತ್ತದೆ

ಇಲ್ಲಿ ಮಾತ್ರ ನಿಲ್ಲಬೇಕು. ಅಪಾಯ ಶೈಲಿಯಲ್ಲಿಲ್ಲ, ಮೈಗೆ ತಾಗುವ ಕೆಲವು ವಸ್ತುಗಳಲ್ಲಿದೆ.

ಬಣ್ಣದ ಲೆನ್ಸ್: ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ. ವೈದ್ಯರ ಅಳತೆಯಿಲ್ಲದೆ ಆನ್‌ಲೈನ್‌ನಲ್ಲಿ ತರಿಸಿದ ಲೆನ್ಸ್ ಕಣ್ಣಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ತರಚಬಹುದು. ಆ ಗಾಯಕ್ಕೆ ಬ್ಯಾಕ್ಟೀರಿಯಾ ಅಥವಾ ನಲ್ಲಿ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಸೇರಿದರೆ ದೃಷ್ಟಿಯೇ ಹೋಗಬಹುದು. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಗೆಳೆಯರೊಂದಿಗೆ ಹಂಚಿಕೊಳ್ಳಬೇಡಿ, ಹಾಕಿಕೊಂಡು ಮಲಗಬೇಡಿ.

ಅಗ್ಗದ ಲೋಹ: ಸರಪಳಿ, ಬಕಲ್, ಕಿವಿಯೋಲೆಗಳಲ್ಲಿ ನಿಕ್ಕಲ್ ಇದ್ದರೆ ಬೆವರಿಗೆ ಅದು ಸ್ವಲ್ಪ ಸ್ವಲ್ಪವೇ ಕರಗಿ ಚರ್ಮದೊಳಗೆ ಇಳಿಯುತ್ತದೆ. ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಯುರೋಪ್ ಒಕ್ಕೂಟ ಇದಕ್ಕಾಗಿಯೇ 1994ರಲ್ಲಿ ಆಭರಣಗಳ ನಿಕ್ಕಲ್‌ಗೆ ಮಿತಿ ಹಾಕಿತು. ದುರ್ಗದಬೈಲಿನಲ್ಲಿ ಕೊಂಡ ಸರವಾದರೂ ಟೋಕಿಯೊದ್ದಾದರೂ ತುರಿಕೆ ಬಂದರೆ ತೆಗೆದುಬಿಡಿ, ಇಲ್ಲವೇ ಬಟ್ಟೆಯ ಮೇಲೆ ಬರುವಂತೆ ಹಾಕಿಕೊಳ್ಳಿ.

ಕೂದಲ ಬಣ್ಣ: ಅನೇಕ ಕಪ್ಪು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತದೆ, ಮುಖ, ಕಣ್ಣು ಊದಿಕೊಳ್ಳಬಹುದು. ‘ಕಪ್ಪು ಮೆಹಂದಿ’ಯಲ್ಲೂ ಇದನ್ನು ಬೆರೆಸುವುದುಂಟು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾದು ನೋಡಿ. ಬ್ಲೀಚ್ ನೆತ್ತಿ ಸುಡತೊಡಗಿದರೆ ತಡೆದುಕೊಳ್ಳಬೇಡಿ, ತಕ್ಷಣ ತೊಳೆಯಿರಿ.

ಚುಚ್ಚಿಸಿಕೊಳ್ಳುವುದು: ಮೂಗುತಿ, ಬುಗುಡಿಯ ನಾಡಿನಲ್ಲಿ ಇದು ಪರದೇಶಿ ಫ್ಯಾಷನ್ ಅಲ್ಲ. ಆದರೆ ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ದಾಟಿಸಬಲ್ಲದು. ಹೊಸ ಸೂಜಿ ಕಣ್ಣೆದುರೇ ಬಿಚ್ಚಲಿ. ಮನೆಯಲ್ಲಿ ಸೇಫ್ಟಿ ಪಿನ್ನಿನಿಂದ ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು?

ಹೆತ್ತವರಿಗೆ ನಮ್ಮ ಮಾತು ಇಷ್ಟೇ: ‘ಇದೇನು ವೇಷ’ ಎಂದು ಗದರಿದರೆ ಮಕ್ಕಳು ಬಟ್ಟೆ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಕಣ್ಣು ಕೆಂಪಾದಾಗಲೂ ಬೈಗುಳಕ್ಕೆ ಹೆದರಿ ಎರಡು ದಿನ ಮುಚ್ಚಿಟ್ಟರೆ ಆ ಎರಡು ದಿನವೇ ದುಬಾರಿಯಾಗಬಹುದು. ಮಕ್ಕಳ ಫೋಟೊವನ್ನು ‘ಸೈತಾನ’ ಎಂಬ ಸಾಲಿನೊಡನೆ ಗುಂಪಿನಿಂದ ಗುಂಪಿಗೆ ಕಳಿಸುವವರು ಮಾಡುವುದು ಇದೇ ಹೆದರಿಕೆಯನ್ನು ಹೆಚ್ಚಿಸುವ ಕೆಲಸ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ: ಲೆನ್ಸ್ ಹಾಕಿದ ಕಣ್ಣು ನೋಯುತ್ತಿದ್ದರೆ, ಕೆಂಪಾಗಿದ್ದರೆ, ಮಂಜಾಗಿದ್ದರೆ ಲೆನ್ಸ್ ತೆಗೆದು ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಲೆನ್ಸನ್ನೂ ಅದರ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.