ಕಾಫಿ ಧಾರಣೆ: ಕೋಟಾ ಹೋಯಿತು, ಒಗ್ಗಟ್ಟು ಉಳಿಯಲಿ

ನಮ್ಮ ಕಣದಲ್ಲಿ ಒಣಗುವ ಅರೇಬಿಕಾದ ಧಾರಣೆ ನ್ಯೂಯಾರ್ಕ್ ಪೇಟೆಯನ್ನೂ ರೊಬಸ್ಟಾದ್ದು ಲಂಡನ್ ಪೇಟೆಯನ್ನೂ ಅನುಸರಿಸುತ್ತದೆ. ಕಾಫಿ ಬೆಳೆಯುವ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಬೆಲೆಕುಸಿತದಿಂದ ರಕ್ಷಣೆ ಸಿಗಲೆಂದು 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಬೆಲೆ ಇಳಿದರೆ ರಫ್ತಿನ ಕೋಟಾ ಕಡಿಮೆ, ಏರಿದರೆ ಹೆಚ್ಚು. 1989ರ ಜುಲೈಯಲ್ಲಿ ಆ ಕೋಟಾ ನಿಂತಿತು; ಬೆಲೆ ಕುಸಿಯಿತು. ನಮ್ಮಲ್ಲಿ ಕಾಫಿ ಮಂಡಳಿಯ ಪೂಲಿಗೆ ಬೆಳೆ ಒಪ್ಪಿಸುವ ಪದ್ಧತಿಯೂ 1996ರ ವೇಳೆಗೆ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯ ಬಂತು. ಜೊತೆಗೆ ಏರಿಳಿತದ ಹೊರೆಯೂ ಬೆಳೆಗಾರನ ಹೆಗಲಿಗೇ ಬಂತು.

ನಾಲ್ಕು ಮೂಟೆಯವನ ಮಾತು ರಫ್ತುದಾರನಿಗೆ ಕೇಳಿಸದು. ನೂರು ಮಂದಿ ಕೂಡಿ ಒಂದೇ ದರ್ಜೆಯ ಮಾಲು ಕೊಟ್ಟರೆ ಕೇಳಿಸುತ್ತದೆ. ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದ್ದೂ ಈ ಬಲಕ್ಕಾಗಿಯೇ. ಆದ್ದರಿಂದ ಬೆಳೆಗಾರ ಬಾಂಧವರು ಹಣ್ಣನ್ನೇ ಕೊಯ್ದು, ಪಾರ್ಚ್‌ಮೆಂಟಿನ ತೇವ ಶೇ. 10ಕ್ಕೆ ಇಳಿಯುವವರೆಗೆ ಒಣಗಿಸಿ, ಕೂಡಿಯೇ ಮಾರಬೇಕು.